ಸಾಂತಾ ಉರ್ಸುಲಾದಲ್ಲಿ ಅಭ್ಯರ್ಥಿಗಳ ಪರವಾಗಿ

ಸಾಂತಾ ಉರ್ಸುಲಾ ಪಟ್ಟಣದ ಏಕೈಕ ಆಂಬುಲೆನ್ಸ್ ಫೆಬ್ರವರಿ ಎರಡನೇ ವಾರದಿಂದ ಪ್ರಜಾಪ್ರಭುತ್ವದ ಸೇವೆಯಲ್ಲಿತ್ತು.

ಅಂದರೆ, ಮೈಕ್ ಸೆಟ್ಟು ಹೊರುತ್ತಿತ್ತು. ಆ ಸಲ ಮನಿಲಾದಲ್ಲಿ ದೇಶದ ಅಧ್ಯಕ್ಷರಾಗಿ ಕೂರೋದಕ್ಕೆ ಮೂವರು ನಿಂತಿದ್ದರು. ಮೂವರಿಗೂ ಒಂದೊಂದು ಬಣ್ಣ. ಒಬ್ಬರದ್ದು ನೇರಳೆ, ಒಬ್ಬರದ್ದು ಕಿತ್ತಳೆ, ಇನ್ನೊಬ್ಬರು ತಡವಾಗಿ ಬಂದಿದ್ದರಿಂದ ಕಂದು. ಮೇಯರ್ ಬಾಲ್ತಜಾರ್ ನಿಷ್ಪಕ್ಷಪಾತಕ್ಕೆ ಹೆಸರಾದ ಮನುಷ್ಯ. ಯಾರು ಗೆಲ್ತಾರೆ ಅಂತ ಗೊತ್ತಾಗೋ ತನಕ ಎಲ್ಲರನ್ನೂ ಬೆಂಬಲಿಸಬೇಕು ಅನ್ನೋದು ಅವರ ತತ್ವ. ಹಾಗಾಗಿ ಆಂಬುಲೆನ್ಸು ಸೋಮವಾರ ಮಂಗಳವಾರ ನೇರಳೆಗೆ, ಬುಧವಾರ ಗುರುವಾರ ಕಿತ್ತಳೆಗೆ, ಶುಕ್ರವಾರ ಶನಿವಾರ ಕಂದುವಿಗೆ. ಭಾನುವಾರ ತೊಳೆಯೋದು. ಒಳಗಿದ್ದ ಸ್ಟ್ರೆಚರ್ ತೆಗೆದು ಆ ಜಾಗದಲ್ಲಿ ಆಂಪ್ಲಿಫೈಯರ್ ಕೂರಿಸಿದ್ದರು. ಸ್ಟ್ರೆಚರ್ ಮೇಯರ ಮನೆಯ ಜಗಲಿ ಸೇರಿತ್ತು, ಅದರ ಮೇಲೆ ಅವರ ತಾಯಿ ಮೀನು ಒಣಗಿಸುತ್ತಿದ್ದರು. ಸೈರನ್ ತಂತಿಯನ್ನ ಪ್ರಚಾರದ ಹಾಡಿಗೆ ಜೋಡಿಸಿದ್ದರು. ಗಾಡಿಯ ಎರಡೂ ಬದಿಯಲ್ಲಿ ಮೇಯರ್ ಹೆಬ್ಬೆರಳು ಎತ್ತಿಕೊಂಡು ನಗುತ್ತಿದ್ದ ಚಿತ್ರ ಮಾತ್ರ ಮೊದಲಿನ ಹಾಗೇ ಇತ್ತು.

ಪುರಸಭೆಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ್ದರು: "ಸಾರ್ವಜನಿಕರು ಮೇ ತಿಂಗಳ ಮತದಾನ ಮುಗಿಯುವವರೆಗೆ ತುರ್ತು ಕಾಯಿಲೆಗಳನ್ನು ಮುಂದೂಡಿ ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ." ಜನ ಸಹಕರಿಸಿದರು. ಇಬ್ಬರು ಮಾತ್ರ ಸಹಕರಿಸಲಿಲ್ಲ. ಅವರ ಅಂತ್ಯಕ್ರಿಯೆಗೆ ಮೂರು ಪಕ್ಷದವರೂ ದೊಡ್ಡ ದೊಡ್ಡ ಹೂಚಕ್ರ ಕಳಿಸಿ, ಯಾರದ್ದು ಮುಂದೆ ಇಡಬೇಕು ಅಂತ ಸಮಾಧಿಯ ಹತ್ತಿರವೇ ಒಂದು ಸಣ್ಣ ಜಗಳ ಆಡಿದರು.

ಇಂಥ ಹೊತ್ತಲ್ಲಿ ಸೆವೆರಿನೊ ಡಿಮಾಯುಗಾನ ಮಗಳು ನಿಂಗ್ ಬಸುರಿಯಾಗಿದ್ದಳು.

ಸೆವೆರಿನೊ ಚರ್ಚಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಮಕ್ಕಳನ್ನ ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ರಿಜಿಸ್ಟರು, ಮದುವೆ ರಿಜಿಸ್ಟರು, ಸಾವಿನ ರಿಜಿಸ್ಟರು, ಮೂರೂ ಅವನ ಕೈಬರಹ. ಅಳಿಯ ಹಡಗಿನ ಮೇಲಿದ್ದ, ಎಲ್ಲೋ ನಾರ್ವೆ ಕಡೆ. ಹೆರಿಗೆ ನರ್ಸ್ ಎಪಿಫಾನಿಯಾ ನಿಂಗಳ ಹೊಟ್ಟೆ ಮುಟ್ಟಿ ನೋಡಿ ಮುಖ ಸಪ್ಪೆ ಮಾಡಿದಳು.

"ಮಗು ಉಲ್ಟಾ ಇದೆ, ಅಣ್ಣಾ. ಕಾಲು ಕೆಳಗೆ. ಮನೇಲಿ ನನ್ನ ಕೈಲಾಗಲ್ಲ. ನೋವು ಶುರುವಾದ ತಕ್ಷಣ ಜಿಲ್ಲಾಸ್ಪತ್ರೆಗೆ ಹೋಗ್ಬೇಕು. ಎರಡು ಗಂಟೆ ದಾರಿ. ಜನ ತುಂಬ್ಕೊಂಡು ಹೋಗೋ ಜೀಪ್ನೀಲಿ ಕೋಳಿ ಬುಟ್ಟಿ ಮಧ್ಯೆ ಕೂರಿಸ್ಕೊಂಡು ಹೋದ್ರೆ ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ. ಆಂಬುಲೆನ್ಸ್ ಹೇಳಿಡು."

ಸೆವೆರಿನೊ ಪುರಸಭೆಗೆ ಹೋದ. ಕಿಟಕಿಯಲ್ಲಿದ್ದ ಹೆಂಗಸು ದೊಡ್ಡ ಪುಸ್ತಕ ತೆರೆದಳು.

"ಯಾವ ಬಣ್ಣದ ದಿನಕ್ಕೆ ಬೇಕು ಅಣ್ಣಾ?"

"ಹೆರಿಗೆ ಯಾವತ್ತು ಆಗತ್ತೆ ಅಂತ ಈಗಲೇ ಹೇಗೆ ಹೇಳ್ಲಿ ತಾಯಿ?"

"ಹುಟ್ಟೋರಿಗೇ ಒಂದು ಖಚಿತ ಇಲ್ಲ ಅಂದ್ರೆ ನಾವೇನು ಬರ್ಕೊಳ್ಳೋಣ?" ಪುಸ್ತಕ ಮುಚ್ಚಿದಳು. ಒಳ್ಳೆಯ ಹೆಂಗಸು, ಆಮೇಲೆ ಸ್ವಲ್ಪ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದಳು: "ನೋಡಿ, ಗಾಡಿ ಈಗ ಅಭ್ಯರ್ಥಿಗಳ ಸುಪರ್ದಿನಲ್ಲಿದೆ. ಮೇಯರೂ ಮುಟ್ಟೋ ಹಾಗಿಲ್ಲ. ಮೂವರಲ್ಲಿ ಯಾರಾದ್ರೂ ಒಬ್ಬ ಅಭ್ಯರ್ಥಿ ಬಾಯಿಬಿಟ್ಟು 'ಬಿಡಿ' ಅಂದ್ರೆ ಅವತ್ತೇ ಬಿಡ್ತೀವಿ."

ಸೆವೆರಿನೊಗೆ ಇದು ನ್ಯಾಯವಾಗೇ ಕಂಡಿತು. ಅವನೂ ಕಚೇರಿಯವನೇ. ನಿಯಮ ಅಂದಮೇಲೆ ನಿಯಮ.

ಅದೃಷ್ಟಕ್ಕೆ ಏಪ್ರಿಲ್ ಕೊನೆಯ ಶನಿವಾರ ಮೂವರು ಅಭ್ಯರ್ಥಿಗಳೂ ಸಾಂತಾ ಉರ್ಸುಲಾಗೆ ಬರುವವರಿದ್ದರು. ಚರ್ಚಿನ ಪಕ್ಕದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ "ಅಭ್ಯರ್ಥಿಗಳನ್ನು ಆಲಿಸುವ ಮಹಾಸಭೆ" ಅಂತ ಫಾದರ್ ಅನಕ್ಲೆತೊ ಏರ್ಪಾಡು ಮಾಡಿದ್ದರು. ಸೆವೆರಿನೊ ಅವರ ಮುಂದೆ ನಿಂತು ಕೇಳಿಕೊಂಡ.

"ಫಾದರ್, ಜನರ ಕಡೆಯಿಂದ ಒಂದು ಪ್ರಶ್ನೆ ಕೇಳೋ ಅವಕಾಶ ನಂಗೆ ಕೊಡಿ. ಒಂದೇ ಒಂದು."

"ದೇಶದ ಆರ್ಥಿಕ ನೀತಿ ಬಗ್ಗೆ ತಾನೇ?"

"ಆಂಬುಲೆನ್ಸ್ ಬಗ್ಗೆ ಫಾದರ್."

ಫಾದರ್ ನಿಟ್ಟುಸಿರು ಬಿಟ್ಟರು. "ಕೇಳಪ್ಪ. ಆದರೆ ಪ್ರಶ್ನೆ ಸ್ವಲ್ಪ ಗಂಭೀರವಾಗಿ ಕಾಣೋ ಹಾಗೆ ಕೇಳು."

ಸಭೆಗೆ ನಾಲ್ಕು ದಿನ ಇದೆ ಅನ್ನುವಾಗ ಮೂರು ಕಾಗದ ಬಂದವು. ಮೂರರಲ್ಲೂ ಒಂದೇ ಒಕ್ಕಣೆ, ಒಂದೇ ಕಾಗುಣಿತದ ತಪ್ಪು. ಕಾರ್ಯಬಾಹುಳ್ಯದಿಂದ ಅಭ್ಯರ್ಥಿಗಳು ಖುದ್ದು ಬರಲಾಗುತ್ತಿಲ್ಲ, ಅವರ ಪರವಾಗಿ ಮಾತಾಡೋದಕ್ಕೆ ಒಬ್ಬೊಬ್ಬರನ್ನ ಕಳಿಸಲಾಗುವುದು, ಸಾಂತಾ ಉರ್ಸುಲಾದ ಮಹಾಜನತೆ ಅವರ ಹೃದಯದಲ್ಲಿದೆ. ಮೂರರಲ್ಲೂ ಊರಿನ ಹೆಸರು ಆಮೇಲೆ ಬೇರೆ ಶಾಯಿಯಲ್ಲಿ ತುಂಬಿಸಿದ್ದು.

ಪರವಾಗಿ ಬರುವವರಿಗೆ ಏನಾದರೂ ಕಾಗದಪತ್ರ ಬೇಕಲ್ಲ, ಇಲ್ಲದಿದ್ದರೆ ಯಾರು ಬೇಕಾದರೂ ಬಂದು ಯಾರ ಪರವಾಗಿ ಬೇಕಾದರೂ ಮಾತಾಡಿಬಿಡಬಹುದು ಅಂತ ಫಾದರ್ ಚಿಂತೆ ಮಾಡಿದರು. ಸೆವೆರಿನೊ ಬೀರು ತೆಗೆದು ಹುಡುಕಿದ. ಚರ್ಚಿನ ಕಚೇರಿಯಲ್ಲಿ 'ಪರವಾಗಿ' ಅನ್ನೋ ಮಾತಿದ್ದ ಫಾರ್ಮು ಒಂದೇ. ಜ್ಞಾನಸ್ನಾನದ ದಿನ ಮಗುವಿನ ಹೊಣೆ ಹೊತ್ತು ಜ್ಞಾನತಂದೆಯಾಗಬೇಕಾದ ದೊಡ್ಡ ಮನುಷ್ಯರು ಬರಲಾಗದಿದ್ದರೆ, ಅವರ ಬದಲು ಮಗುವನ್ನ ಎತ್ತಿಕೊಂಡು ನಿಲ್ಲುವವನು ಸಹಿ ಮಾಡುವ ಫಾರ್ಮು. ಆ ಊರಲ್ಲಿ ಇದು ದಿನಾ ನಡೆಯೋದೇ. ಬಂದವನು ಊಟ ಮಾಡಿಕೊಂಡು ಹೋಗ್ತಾನೆ, ಬಾರದವನು ಜ್ಞಾನತಂದೆ ಆಗ್ತಾನೆ.

ಫಾರ್ಮಿನಲ್ಲಿ ಹೀಗಿತ್ತು: "ಕೆಳಗೆ ಸಹಿ ಮಾಡಿರುವ ನಾನು, ಕಾರಣಾಂತರದಿಂದ ಬಾರದ ಶ್ರೀಮಾನ್ ......... ರವರ ಪರವಾಗಿ ನಿಂತು, ಸೈತಾನನನ್ನೂ ಅವನ ಕಾರ್ಯಗಳನ್ನೂ ಅವನ ಆಡಂಬರಗಳನ್ನೂ ತ್ಯಜಿಸುತ್ತೇನೆ. ......... ಎಂಬ ಮಗುವಿನ ಕ್ಷೇಮದ ಹೊಣೆ ಇನ್ನು ಮುಂದೆ ಸದರಿ ಶ್ರೀಮಾನರದು."

"ಮಗುವಿನ ಹೆಸರಿನ ಜಾಗ ಖಾಲಿ ಬಿಡು," ಅಂದರು ಫಾದರ್.

"ಖಾಲಿ ಜಾಗ ಇದ್ರೆ ಫಾರ್ಮು ಅಸಿಂಧು, ಫಾದರ್. ನಾನೇ ಎಷ್ಟು ಜನರನ್ನ ವಾಪಸ್ ಕಳಿಸಿದ್ದೀನಿ."

"ಹಾಗಾದ್ರೆ ಏನಾದ್ರೂ ಬರಿ ಮಾರಾಯಾ!"

ಸೆವೆರಿನೊ ತಲೆಯಲ್ಲಿ ಆಗ ಇದ್ದ ಮಗು ಒಂದೇ. ಮೂರು ಫಾರ್ಮಿನಲ್ಲೂ ಮುದ್ದಾದ ಅಕ್ಷರದಲ್ಲಿ "ನಿಂಗಳ ಮಗು, ಹುಟ್ಟಬೇಕಾಗಿದೆ" ಅಂತ ತುಂಬಿಸಿಬಿಟ್ಟ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅಂಗಳ ತುಂಬಿತ್ತು. ತುಂಬಿತ್ತು ಅನ್ನೋದು ಕುರ್ಚಿಗಳ ವಿಷಯದಲ್ಲಿ ನಿಜ. ಮನೆಗೊಬ್ಬರು ಕಡ್ಡಾಯವಾಗಿ ಬರಬೇಕು ಅಂತ ಮೇಯರ್ ಆಜ್ಞೆ ಇತ್ತು. ಅಭ್ಯರ್ಥಿಗಳೇ ಬರ್ತಾ ಇಲ್ಲ ಅಂತ ಗೊತ್ತಾದ ಮೇಲೆ ಊರಿನವರೂ ತಮ್ಮ ಪರವಾಗಿ ಬೇರೆಯವರನ್ನ ಕಳಿಸಿದ್ದರು. ಬಟ್ಟೆ ಒಗೆಯೋ ದೊಮಿಂಗಾ ಒಬ್ಬಳೇ ಏಳು ಮನೆಯ ಪರವಾಗಿ ಬಂದಿದ್ದಳು. ಬಹಳ ನಿಯತ್ತಿನ ಹೆಂಗಸು. ಒಂದು ಮಾತಿಗೆ ಎಲ್ಲರೂ ಒಂದು ಸಲ ಚಪ್ಪಾಳೆ ತಟ್ಟಿದರೆ ಇವಳು ಏಳು ಸಲ ತಟ್ಟುತ್ತಿದ್ದಳು. ಕುರ್ಚಿಯ ಕೆಳಗೆ ಪಕ್ಷದವರು ಹಂಚಿದ ಏಳು ಪೊಟ್ಟಣ ನೂಡಲ್ಸು, ಏಳು ಬೀಸಣಿಗೆ ಜೋಡಿಸಿಕೊಂಡಿದ್ದಳು.

ವೇದಿಕೆಯ ಹಿಂದೆ ಆಂಬುಲೆನ್ಸು ನಿಂತಿತ್ತು. ಅದರ ತೆರೆದ ಬಾಗಿಲಿಂದ ಕರೀ ವೈರುಗಳು ಕರುಳಿನ ಹಾಗೆ ಹೊರಗೆ ಬಿದ್ದಿದ್ದವು.

ಸೆವೆರಿನೊ ಫಾರ್ಮಿಗೆ ಸಹಿ ಹಾಕಿಸೋಕೆ ಮೇಜು ಹಾಕಿಕೊಂಡು ಕೂತ. ಮೊದಲು ಬಂದವರು ಕಂದು ಅಭ್ಯರ್ಥಿ ಪರವಾಗಿ ಒಬ್ಬ ವಕೀಲರು. ಅವರು ಫಾರ್ಮನ್ನ ಎರಡು ಸಲ ಓದಿ ಪೆನ್ನು ಕೆಳಗಿಟ್ಟರು.

"ಸೈತಾನನ್ನ ತ್ಯಜಿಸೋ ಬಗ್ಗೆ ನಮ್ಮ ಪಕ್ಷದಲ್ಲಿ ಇನ್ನೂ ತೀರ್ಮಾನ ಆಗಿಲ್ಲ."

"ಎಲ್ಲರೂ ತ್ಯಜಿಸ್ತಾರೆ ಸಾರ್. ಒಂದು ಪದ್ಧತಿ, ಅಷ್ಟೇ."

"ಆಡಂಬರ ಬೇರೆ ಬಿಡಬೇಕು ಅಂತಿದೆ. ಮತದಾನ ಆದ್ಮೇಲೆ ಬಿಟ್ರೆ ನಡೆಯತ್ತಾ?"

"ದಿನಾಂಕ ಏನೂ ಹಾಕಿಲ್ಲ ಸಾರ್."

ವಕೀಲರಿಗೆ ಸಮಾಧಾನವಾಗಿ ಸಹಿ ಹಾಕಿದರು. ನೇರಳೆ ಅಭ್ಯರ್ಥಿ ಪರವಾಗಿ ಬರಬೇಕಾಗಿದ್ದವನು ಒಬ್ಬ ಸಿನಿಮಾ ನಟ. ಅವನಿಗೆ ಬಿಸಿಲು ಆಗೋದಿಲ್ಲ ಅಂತ ಅವನ ಪರವಾಗಿ ಅವನ ಡ್ಯೂಪ್ ಬಂದಿದ್ದ, ರುಫೊ ಅಂತ. ಹಿಂದಿನಿಂದ ನೋಡಿದರೆ ಥೇಟ್ ನಟನೇ. ಹಾಗಾಗಿ ಸಹಿ ಹಾಕಿ ಜನಕ್ಕೆ ಬೆನ್ನು ಮಾಡಿ ಕೂತ. ಕೊನೆಗೆ ಕಿತ್ತಳೆ ಅಭ್ಯರ್ಥಿ ಪರವಾಗಿ ಒಬ್ಬ ಮಾಜಿ ಗವರ್ನರು ಬೆವರು ಒರೆಸಿಕೊಳ್ಳುತ್ತಾ ಬಂದರು.

"ಯಾರ ಪರವಾಗಿ ಅಂತ ಬರ್ಕೊಳ್ಳಿ ಸಾರ್?"

"ಬೆಳಗ್ಗೆ ಮನಿಲಾ ಬಿಟ್ಟಾಗ ಕಿತ್ತಳೆ. ದಾರೀಲಿ ಊಟಕ್ಕೆ ನಿಲ್ಸಿದಾಗ ಒಂದು ಫೋನ್ ಬಂತು, ಈಗ ನೇರಳೆ. ಆದ್ರೆ ನೇರಳೆ ಅಂಗಿ ನನ್ನ ಅಳತೇಲಿ ಸಿಗ್ಲಿಲ್ಲ. ಈ ಊರಿನ ಮಟ್ಟಿಗೆ ಕಿತ್ತಳೆ ಅಂತಾನೇ ಇರ್ಲಿ ಬಿಡಿ. ಕೆಳಗೆ ಸ್ವಲ್ಪ ಜಾಗ ಬಿಡಿ, ಸಾಯಂಕಾಲ ಏನಾಗತ್ತೋ."

ಅವರೂ ಸಹಿ ಹಾಕಿದ ಮೇಲೆ ಸಭೆ ಶುರುವಾಯಿತು. ವಕೀಲರು ಹದಿನೈದು ನಿಮಿಷ ಮಾತಾಡಿ, ತಮ್ಮ ಅಭ್ಯರ್ಥಿ ಇಲ್ಲೇ ಇದ್ದಿದ್ದರೆ ಏನು ಹೇಳುತ್ತಿದ್ದರು ಅನ್ನೋದನ್ನ ಅಂದಾಜಿನ ಮೇಲೆ ಹೇಳಿದರು. ಸೆವೆರಿನೊ ಎದ್ದು ನಿಂತ. ಇಪ್ಪತ್ತಾರು ವರ್ಷದಲ್ಲಿ ಅವನು ಸಭೆಯಲ್ಲಿ ದನಿ ಎತ್ತಿದ್ದು ಅದೇ ಮೊದಲು.

"ರಾಷ್ಟ್ರದ ಆರೋಗ್ಯ ನೀತಿಗೆ ಸಂಬಂಧಪಟ್ಟ ಹಾಗೆ ಒಂದು ಪ್ರಶ್ನೆ. ವೇದಿಕೆ ಹಿಂದೆ ಇರೋ ಆಂಬುಲೆನ್ಸನ್ನ ಒಂದು ಹೆರಿಗೆಗೆ ಬಿಡಿ ಅಂತ ತಮ್ಮ ಅಭ್ಯರ್ಥಿಗಳು ಒಂದು ಮಾತು ಹೇಳ್ತಾರಾ?"

ವಕೀಲರು ಕನ್ನಡಕ ಸರಿಮಾಡಿಕೊಂಡರು. "ನಂಗೆ ಅವರ ಪರವಾಗಿ ಮಾತಾಡೋ ಅಧಿಕಾರ ಕೊಟ್ಟಿದ್ದಾರೆ. ಅವರ ಪರವಾಗಿ ಕೇಳಿಸ್ಕೊಳ್ಳೋ ಅಧಿಕಾರ ಕೊಟ್ಟಿಲ್ಲ. ಆದ್ರಿಂದ ತಾವು ಏನು ಕೇಳಿದ್ರಿ ಅನ್ನೋದು ನಂಗೆ ಗೊತ್ತಿಲ್ಲ."

ದೊಮಿಂಗಾ ಏಳು ಸಲ ಚಪ್ಪಾಳೆ ತಟ್ಟಿದಳು.

ರುಫೊ ಸರದಿ ಬಂತು. ಅವನು ಮೈಕಿಗೂ ಬೆನ್ನು ಮಾಡೇ ನಿಂತು ಹೇಳಿದ, "ಅಣ್ಣಾ, ತಪ್ಪು ತಿಳೀಬೇಡಿ. ನಾನು ಬೀಳೋನು, ಹೇಳೋನಲ್ಲ. ಮಾತಿದ್ರೆ ಅವರು, ಪೆಟ್ಟಿದ್ರೆ ನಾನು. ಬೇಕಾದ್ರೆ ಒಂದ್ಸಲ ಬಿದ್ದು ತೋರಿಸ್ತೀನಿ." ಜನ "ಬೀಳು, ಬೀಳು" ಅಂದರು. ವೇದಿಕೆಯಿಂದ ಮಗುಚಿ ಬಿದ್ದು ಎದ್ದು ಕೈಮುಗಿದ. ಆ ದಿನ ಹೇಳಿದ್ದನ್ನ ಮಾಡಿ ತೋರಿಸಿದವನು ಅವನೊಬ್ಬನೇ.

ಆಮೇಲೆ ಮಾಜಿ ಗವರ್ನರು ಮೈಕ್ ಹಿಡಿದರು.

"ಸಹೋದರ ಕೇಳಿದ್ದು ಅದ್ಭುತವಾದ ಪ್ರಶ್ನೆ! ಭಾಷಣದ ಕೊನೇಲಿ ಅದಕ್ಕೆ ಉತ್ತರ ಕೊಡ್ತೀನಿ."

ಆದರೆ ಅವರ ಭಾಷಣಕ್ಕೆ ಕೊನೆ ಇರಲಿಲ್ಲ. ಹದಿನೈದು ನಿಮಿಷ ಆಯಿತು ಅಂತ ಫಾದರ್ ಗಂಟೆ ಹೊಡೆದರೆ, ತಾವು ಈ ದಿನ ಇಬ್ಬರು ಅಭ್ಯರ್ಥಿಗಳಿಗೆ ಸೇರಿದವರು, ಹಾಗಾಗಿ ಮೂವತ್ತು ನಿಮಿಷ ಅಂದರು. ಮೂವತ್ತಾದ ಮೇಲೆ ಮೂರನೆಯವರ ಬಗ್ಗೆಯೂ ತಮಗೆ ಒಳ್ಳೆಯ ಅಭಿಪ್ರಾಯ ಇದೆ ಅಂದರು. ಐವತ್ತನೇ ನಿಮಿಷದಲ್ಲಿ ಅವರು ತಮ್ಮ ಬಾಲ್ಯದ ಬಡತನಕ್ಕೆ ಬಂದಿದ್ದಾಗ ಸೆವೆರಿನೊನ ಫೋನು ರಿಂಗಾಯಿತು.

"ಅಣ್ಣಾ, ಶುರುವಾಯ್ತು," ಅಂದಳು ಎಪಿಫಾನಿಯಾ. ಹಿಂದಿನಿಂದ ನಿಂಗ್ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. "ಒಂದು ಕಾಲು ಕೈಗೆ ಸಿಗ್ತಿದೆ. ಗಾಡಿ ಎಲ್ಲಿ? ಗಾಡಿ ತಗೊಂಡ್ ಬಾ!"

ಸೆವೆರಿನೊ ಮೊದಲ ಸಾಲಲ್ಲಿದ್ದ ಮೇಯರ ಹತ್ತಿರ ಓಡಿದ.

"ಸಾಹೇಬ್ರೇ, ಗಾಡಿ ಕೊಡಿ. ಮಗಳು ಹೋಗ್ಬಿಡ್ತಾಳೆ."

"ಅಯ್ಯೋ ಪಾಪ," ಅಂದರು ಮೇಯರ್. ಅವರಿಗೆ ನಿಜವಾಗಲೂ ಪಾಪ ಅನ್ನಿಸಿತ್ತು. "ಆದ್ರೆ ನೋಡಪ್ಪ, ಗಾಡಿ ಹೊರಟ್ರೆ ಮೈಕ್ ನಿಲ್ಲತ್ತೆ. ಮೈಕ್ ನಿಂತ್ರೆ ಭಾಷಣ ನಿಲ್ಲತ್ತೆ. ಅಭ್ಯರ್ಥಿ ಪರವಾಗಿ ನಡೀತಿರೋ ಭಾಷಣ ನಿಲ್ಲಿಸೋಕೆ ಅಭ್ಯರ್ಥೀನೇ ಹೇಳ್ಬೇಕು. ನಾನ್ಯಾರು ಹೇಳೋಕೆ? ಬೇಕಾದ್ರೆ ನನ್ನ ಪರವಾಗಿ ನಾಲ್ಕು ಜನರನ್ನ ಕಳಿಸ್ತೀನಿ, ಸಮಾಧಾನ ಹೇಳ್ತಾರೆ."

ಸೆವೆರಿನೊ ವೇದಿಕೆ ಕಡೆ ತಿರುಗಿದ. ಕೈಯಲ್ಲಿ ಫಾರ್ಮುಗಳ ಫೈಲು ಇತ್ತು. ಬೆವರಿಗೆ ಒದ್ದೆಯಾಗಿದ್ದ ಮೇಲಿನ ಫಾರ್ಮಿನ ಮೇಲೆ ಅವನ ಕಣ್ಣು ಬಿತ್ತು. ತನ್ನದೇ ಅಕ್ಷರ. ಓದಿದ. ಇನ್ನೊಂದು ಸಲ ಓದಿದ. ಆಮೇಲೆ ವೇದಿಕೆ ಹತ್ತಿ, ಬಡತನದ ಮಧ್ಯದಲ್ಲಿದ್ದ ಮಾಜಿ ಗವರ್ನರ ಪಕ್ಕದ ಇನ್ನೊಂದು ಮೈಕ್ ತಗೊಂಡು, ಪ್ರತಿ ಭಾನುವಾರ ಚರ್ಚಿನಲ್ಲಿ ಮದುವೆ ಪ್ರಕಟಣೆ ಓದುವ ಅದೇ ಸಪ್ಪೆ ದನಿಯಲ್ಲಿ ಓದಿದ:

"ಪ್ರಕಟಣೆ. ಈ ದಿನ ನೇರಳೆ, ಕಿತ್ತಳೆ ಹಾಗೂ ಕಂದು ಬಣ್ಣದ ಮಾನ್ಯ ಅಧ್ಯಕ್ಷೀಯ ಅಭ್ಯರ್ಥಿಗಳು ತಮ್ಮ ಪ್ರತಿನಿಧಿಗಳ ಸಹಿಯ ಮೂಲಕ, ನಿಂಗಳ ಹುಟ್ಟಬೇಕಾಗಿರುವ ಮಗುವಿಗೆ ಜ್ಞಾನತಂದೆಯರಾಗಿರುತ್ತಾರೆ. ಸದರಿ ಮಗುವಿನ ಕ್ಷೇಮದ ಹೊಣೆ ಸದರಿಯವರದು. ಸದರಿ ಮಗು ಈಗ ಉಲ್ಟಾ ಇದೆ. ಆಕ್ಷೇಪಣೆ ಇದ್ದವರು ಈಗಲೇ ತಿಳಿಸಬೇಕು."

ದೊಮಿಂಗಾ ಚಪ್ಪಾಳೆಗೆ ಕೈ ಎತ್ತಿದವಳು ಹಾಗೇ ನಿಲ್ಲಿಸಿದಳು.

ಮೇಯರ್ ಬಾಲ್ತಜಾರ್ ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದರು. ನಿಂತವರು ಮೂವರು. ಮೂವರೂ ಜ್ಞಾನತಂದೆಯರು. ಯಾರೇ ಗೆಲ್ಲಲಿ, ಅಧ್ಯಕ್ಷರ ಮಗು ತನ್ನ ಊರಲ್ಲಿ ತನ್ನ ಕಣ್ಣ ಮುಂದೆ ಸಾಯ್ತಾ ಇದೆ. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಫಾದರ್! ಇದು ಸಿಂಧುವಾ?"

ಫಾದರ್ ಅನಕ್ಲೆತೊ ಫಾರ್ಮು ನೋಡಿದರು, ಸೆವೆರಿನೊನ ಮುಖ ನೋಡಿದರು. "ಖಾಲಿ ಜಾಗ ಒಂದೂ ಇಲ್ಲ. ಸಹಿ ಇದೆ. ಸಿಂಧು."

"ಸೈತಾನನ್ನೂ ಬಿಟ್ಟಾಗಿದೆ," ಅಂದರು ವಕೀಲರು ಖಿನ್ನರಾಗಿ.

"ಮತ್ತೆ ಇನ್ನೂ ಯಾಕೆ ನಿಂತಿದ್ದೀರಿ ಸೆವೆರಿನೊ ಸಾರ್?" ಅಂತ ಮೇಯರ್ ಕಿರುಚಿದರು. "ಗಾಡಿ ತೆಗೀರಿ! ಅಧ್ಯಕ್ಷರ ಮಗು!"

ಮೈಕ್ ಸೆಟ್ಟು ಇಳಿಸೋ ಹಾಗಿರಲಿಲ್ಲ. ಇಳಿಸೋಕೆ ಮೂರು ಪಕ್ಷದ ಒಪ್ಪಿಗೆ ಪತ್ರ ಬೇಕು. ರುಫೊ ಮಾತ್ರ ಯಾರನ್ನೂ ಕೇಳದೆ ಎರಡು ದೊಡ್ಡ ಸ್ಪೀಕರನ್ನ ಪಕ್ಕಕ್ಕೆ ತಳ್ಳಿ ಮಧ್ಯದಲ್ಲಿ ಒಬ್ಬರು ಮಲಗೋವಷ್ಟು ಜಾಗ ಮಾಡಿದ. ಮಾಜಿ ಗವರ್ನರು ಮೈಕ್ ಬಿಡಲಿಲ್ಲ. ಭಾಷಣ ಇನ್ನೂ ಮುಗಿದಿಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಮತದಾರರಿಗೆ ಅನ್ಯಾಯ ಅಂತ ವೈರಿನ ಸಮೇತ ಡ್ರೈವರ ಪಕ್ಕದ ಸೀಟಿಗೆ ಹತ್ತಿದರು. ನಿಂಗಳನ್ನ ಮನೆಯಿಂದ ಎತ್ತಿಕೊಂಡು, ಹಿಂದೆ ಮೂರು ಬಣ್ಣದ ಮೂವತ್ತು ಗಾಡಿ ಕಟ್ಟಿಕೊಂಡು ಆಂಬುಲೆನ್ಸು ಹೊರಟಿತು.

ನಿಂಗ್ ಎರಡು ಸ್ಪೀಕರ್ ಮಧ್ಯೆ ಮಲಗಿದ್ದಳು. ಅಪ್ಪ ಅವಳ ಒಂದು ಕೈ ಹಿಡಿದಿದ್ದ, ಎಪಿಫಾನಿಯಾ ಒಂದು ಕಾಲು ಹಿಡಿದಿದ್ದಳು. ಆ ಕಾಲು ಯಾರದ್ದು ಅಂತ ಸೆವೆರಿನೊ ಕೇಳಲಿಲ್ಲ. ಮುಂದಿನ ಸೀಟಿನಿಂದ ದೇಶದ ಭವಿಷ್ಯ ಹರಿದು ಬರುತ್ತಲೇ ಇತ್ತು.

"...ತಾಯಂದಿರೇ, ನಿಮ್ಮ ನೋವು ನನ್ನ ನೋವು..."

"ಬಾಯ್ಮುಚ್ಚೋ ಮುದುಕಾ!" ಅಂತ ನಿಂಗ್ ಕಿರುಚಿದಳು.

ಅವಳ ತಲೆಯ ಹತ್ತಿರವೇ ಎರಡನೇ ಮೈಕ್ ಬಿದ್ದಿತ್ತು. ಮಾತು ಸ್ಪಷ್ಟವಾಗಿ ಮೂರು ಹಳ್ಳಿಗೆ ಕೇಳಿಸಿತು. ರಸ್ತೆ ಬದಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚುನಾವಣೆಯಲ್ಲಿ ಯಾರ ಮಾತಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಮಾಜಿ ಗವರ್ನರು ಕಿಟಕಿಯಿಂದ ಕೈ ಬೀಸಿದರು.

ಆಸ್ಪತ್ರೆಯಲ್ಲಿ ಕುಯ್ದು ಮಗುವನ್ನ ತೆಗೆದರು. ಹೆಣ್ಣು. ತಾಯಿ ಮಗು ಇಬ್ಬರೂ ಉಳಿದರು. ಹತ್ತು ನಿಮಿಷ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದಾಗ ಸೆವೆರಿನೊ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಫೈಲನ್ನ ಎದೆಗೆ ಒತ್ತಿಕೊಂಡು ಬಹಳ ಹೊತ್ತು ಅತ್ತ. ಆ ಅಳುವಿನ ಫೋಟೋ ಮರುದಿನ ಮೂರು ಪಕ್ಷದ ಪ್ರಚಾರ ಪತ್ರದಲ್ಲೂ ಬಂತು.

ಬುಧವಾರ ಪುರಸಭೆ ಹೊಸ ಆದೇಶ ಹೊರಡಿಸಿತು: "ಇತ್ತೀಚಿನ ಅನುಭವದ ಹಿನ್ನೆಲೆಯಲ್ಲಿ, ಸದರಿ ಆಂಬುಲೆನ್ಸನ್ನು ಇನ್ನು ಮುಂದೆ ಅಧ್ಯಕ್ಷೀಯ ಅಭ್ಯರ್ಥಿಗಳ ಜ್ಞಾನಮಕ್ಕಳಿಗೆ ಒದಗಿಸಲು ತೀರ್ಮಾನಿಸಲಾಗಿದೆ. ಇತರ ರೋಗಿಗಳು ಮೊದಲಿನಂತೆ ಸಹಕರಿಸುವುದು."

ಯಾರೂ ಗೊಣಗಲಿಲ್ಲ. ಇಷ್ಟು ದಿನ ಹೇಗೆ ಸಿಗತ್ತೆ ಅಂತಾನೇ ಗೊತ್ತಿರಲಿಲ್ಲ, ಈಗ ಒಂದು ದಾರಿಯಾದರೂ ಆಯಿತಲ್ಲ ಅಂತ ಜನ ಸಂತೋಷಪಟ್ಟರು. ಗುರುವಾರ ಬೆಳಗ್ಗೆ ಏಳು ಗಂಟೆಗೆಲ್ಲ ಚರ್ಚಿನ ಕಚೇರಿ ಮುಂದೆ ಸಾಲು. ಬಸುರಿಯರು, ಉಬ್ಬಸದವರು, ಸಕ್ಕರೆ ಕಾಯಿಲೆಯವರು, ಮುಂದೆ ಏನಾದರೂ ಬರಬಹುದು ಅಂತ ಅನುಮಾನ ಇದ್ದವರು. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ ಅಂತ ಫಾದರ್ ಮೊದಲು ತಕರಾರು ಮಾಡಿದರು. ಆಮೇಲೆ ಅವರಿಗೂ ರಾತ್ರಿ ಹೊತ್ತು ಎದೆ ನೋವು ಬರೋದುಂಟು ಅನ್ನೋದು ನೆನಪಾಗಿ, ಸ್ನಾನ ಇಲ್ಲದೆ ಬರೀ ಫಾರ್ಮು ಅಂತ ಒಪ್ಪಿಕೊಂಡು ಸಾಲಿನಲ್ಲಿ ನಿಂತರು.

ಸೆವೆರಿನೊ ಕೂತು ತುಂಬಿಸಿದ. ಖಾಲಿ ಜಾಗ ಒಂದನ್ನೂ ಬಿಡಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಎಂಬತ್ತನಾಲ್ಕು ವರ್ಷದ ಹಿಲಾರಿಯೊ ಅಜ್ಜನ ಸರದಿ ಬಂತು. ಅಜ್ಜ ಹೊಟ್ಟೆಯ ಕೆಳಗೆ ಕೈಯಿಟ್ಟುಕೊಂಡು ಮೇಜಿನ ಮೇಲಿದ್ದ ಮೂರು ಬಣ್ಣದ ಫಾರ್ಮುಗಳನ್ನ ಒಂದೊಂದಾಗಿ ನೋಡಿದರು.

"ಸೆವೆರಿನೊ, ನೀನು ತಿಳಿದವನು. ಹರ್ನಿಯಾಕ್ಕೆ ಯಾವ ಅಭ್ಯರ್ಥಿ ಒಳ್ಳೇದು ಮಗಾ?"

ಸೆವೆರಿನೊ ತುಂಬಿಸಿಟ್ಟ ಫಾರ್ಮುಗಳನ್ನ ಬಣ್ಣವಾರು ಎಣಿಸಿ ನೋಡಿದ.

"ಕಂದು ತಗೊಳ್ಳಿ ಅಜ್ಜಾ. ಅಲ್ಲಿ ಮಕ್ಕಳು ಕಡಿಮೆ."